ನಿಂತ ಕಾರಿನ ಕಾವು

ಸೈಕಲ್ಲಿಗೆ ಗಾಳಿ ಹೊಡೆದು ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿನ ಮೂಲ ಕಷ್ಟ ಗೊತ್ತೇ ಇರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. 30 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಶೇ. 70ರ ದಕ್ಷತೆಯ ಕಂಪ್ರೆಸರ್ ಎರಡು ಪಟ್ಟು ಒತ್ತಡಕ್ಕೆ ಏರಿಸಿದರೆ, ಹೊರಬರುವಾಗ ಅದು ಸುಮಾರು 125 ಡಿಗ್ರಿಗೆ ಮುಟ್ಟಿರುತ್ತದೆ. ಕಾದ ಗಾಳಿ ತೆಳು. ಪೆಟ್ರೋಲ್ ಎಂಜಿನ್ನಾದರೆ ನಾಕಿಂಗ್ (ಇಂಧನ ಹದ ತಪ್ಪಿ ತಾನಾಗಿ ಹೊತ್ತಿಕೊಳ್ಳುವುದು) ಭಯ ಬೇರೆ. ಅದನ್ನೇ 45 ಡಿಗ್ರಿಗೆ ಇಳಿಸಿಕೊಂಡರೆ, ಅದೇ ಒತ್ತಡದಲ್ಲಿ ಕಾಲು ಭಾಗದಷ್ಟು ಹೆಚ್ಚು ಗಾಳಿ ಸಿಲಿಂಡರಿಗೆ ಇಳಿಯುತ್ತದೆ. ಈ ಕೆಲಸ ಮಾಡುವ ರೇಡಿಯೇಟರೇ ಇಂಟರ್‌ಕೂಲರ್. ತಣಿಸಬೇಕಾದ ಅದೇ ಕಾದು ಕೂತರೆ ಹೀಟ್ ಸೋಕ್.

ಈ ವಿದ್ಯೆ ಹದಗೊಂಡದ್ದು ವಿಮಾನಗಳಲ್ಲಿ. ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಪಿ-38 ಲೈಟ್ನಿಂಗ್‌ನಲ್ಲಿ ಮೊದಮೊದಲು ರೆಕ್ಕೆಯ ಮುಂದಿನ ಅಂಚೇ ಇಂಟರ್‌ಕೂಲರ್. ಟರ್ಬೊ ಗಾಳಿ ಅದರೊಳಗೆ ಹರಿದು ತಣ್ಣಗಾಗುತ್ತಿತ್ತು. ಎಂಜಿನ್ ಶಕ್ತಿ ಏರಿದಂತೆ ಅಷ್ಟು ಸಾಲದಾಯಿತು. ಪಿ-38ಜೆ ಮಾದರಿಯಲ್ಲಿ ಎಂಜಿನ್ನಿನ ಕೆಳಗೆ ಬೇರೆ ಕೂಲರ್ ಕೂರಿಸಿ, ತೆರವಾದ ರೆಕ್ಕೆಯಂಚಿಗೆ ಇಂಧನದ ಟ್ಯಾಂಕ್ ಹಾಕಿದರು. ಅತ್ತ ಬ್ರಿಟನ್ನಿನ ರೋಲ್ಸ್-ರಾಯ್ಸ್ ಮರ್ಲಿನ್ 61 ಎಂಜಿನ್ನಿನಲ್ಲಿ ಸೂಪರ್‌ಚಾರ್ಜರ್ ಒತ್ತಿದ ಗಾಳಿಯ ಕಾವನ್ನು ದ್ರವ ಹೊತ್ತೊಯ್ಯುತ್ತಿತ್ತು. ಗಾಳಿಯಿಂದ ತಣಿಸುವುದು, ನೀರಿನಿಂದ ತಣಿಸುವುದು: ಇಂದಿನ ಎರಡೂ ದಾರಿಗಳು ಆಗಲೇ ತೆರೆದಿದ್ದವು. ಹಾರುವ ವಿಮಾನಕ್ಕೆ ಗಾಳಿಯ ಬರವಿಲ್ಲ. ಬರ ಶುರುವಾದದ್ದು ರಸ್ತೆಯಲ್ಲಿ.

1962ರ ಟರ್ಬೊ ಕಾರು ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ಗೆ ಇಂಟರ್‌ಕೂಲರ್ ಇರಲಿಲ್ಲ. ನೀರು, ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ ಸೇದುವ ಗಾಳಿಗೆ ಚಿಮ್ಮಿಸಿ ನಾಕಿಂಗ್ ತಡೆಯುತ್ತಿದ್ದರು. ದ್ರವ ತುಂಬಿಸಲು ಮಾಲೀಕ ಮರೆತರೆ ಬೂಸ್ಟ್ (ಟರ್ಬೊ ಕೊಡುವ ಒತ್ತಡ) ತಾನಾಗಿ ತಗ್ಗುತ್ತಿತ್ತು. ಪೋರ್ಷೆ 1975ರಲ್ಲಿ ತಂದ 3.0 ಲೀಟರ್‌ನ 911 ಟರ್ಬೊ ಕೂಡ ಇಂಟರ್‌ಕೂಲರ್ ಇಲ್ಲದೆಯೇ 260 ಅಶ್ವಶಕ್ತಿ ಕೊಟ್ಟಿತು. 1978ರ 3.3 ಲೀಟರ್ ಮಾದರಿಯಲ್ಲಿ ಹಿಂಬದಿಯ ಅಗಲ ಸ್ಪಾಯ್ಲರ್ ಕೆಳಗೆ ಇಂಟರ್‌ಕೂಲರ್ ಬಂತು, ಶಕ್ತಿ 300 ಆಯಿತು.

ನನಗೆ ಈ ಚರಿತ್ರೆಯಲ್ಲಿ ಅತಿ ಸೊಗಸಾಗಿ ಕಾಣುವುದು ಜಪಾನಿನ ರ‍್ಯಾಲಿ ಕಾರುಗಳ ಅಧ್ಯಾಯ. ಸುಬಾರು ಇಂಪ್ರೆಜಾ ಡಬ್ಲ್ಯುಆರ್‌ಎಕ್ಸ್‌ನಲ್ಲಿ ಇಂಟರ್‌ಕೂಲರ್ ಎಂಜಿನ್ನಿನ ನೆತ್ತಿಯ ಮೇಲೆ ಮಲಗಿರುತ್ತದೆ, ಬಾನೆಟ್ಟಿನ ಗಾಳಿಬಾಯಿ ಅದಕ್ಕೇ ಉಣಿಸುತ್ತದೆ. ಪೈಪು ಗಿಡ್ಡ, ಕಾಲಿಟ್ಟ ಕೂಡಲೇ ಬೂಸ್ಟ್ ಸಿಗುತ್ತದೆ. ಕಾರು ನಿಂತಾಗ ಮಾತ್ರ ಎಂಜಿನ್ನಿನ ಕಾವೆಲ್ಲ ಮೇಲೇರಿ ಅದನ್ನೇ ತಬ್ಬುತ್ತದೆ. ಎಸ್‌ಟಿಐ ಮಾದರಿಯಲ್ಲಿ ಅದಕ್ಕೆ ನೀರು ಸಿಂಪಡಿಸುವ ಏರ್ಪಾಡು ಮಾಡಿದರು: ಕಾದ ಕಾವಲಿಗೆ ದೋಸೆ ಹುಯ್ಯುವ ಮುನ್ನ ನಮ್ಮ ಮನೆಗಳಲ್ಲಿ ನೀರು ಚಿಮುಕಿಸುತ್ತಾರಲ್ಲ, ಅದೇ ಉಪಾಯ. ಚುರ್ ಎಂದು ಆವಿಯಾಗುವ ನೀರೇ ಕಾವನ್ನು ಎಳೆದುಕೊಂಡು ಹೋಗುತ್ತದೆ. ಮಿತ್ಸುಬಿಷಿ ಲ್ಯಾನ್ಸರ್ ಇವೊಲ್ಯೂಷನ್ ಇಂಟರ್‌ಕೂಲರನ್ನು ಬಂಪರ್ ಹಿಂದೆ, ನೇರ ಗಾಳಿಗೆ ಒಡ್ಡಿತು. ಟೊಯೋಟಾದ ಎಸ್‌ಟಿ205 ಸೆಲಿಕಾ ಜಿಟಿ-ಫೋರ್ ನೀರಿನಿಂದ ತಣಿಸುವ ದಾರಿಯನ್ನು ನಂಬಿತು.

ಇಲ್ಲಿಂದ ಮುಂದೆ ವಿಷಯ ಲೋಹದ ತೂಕಕ್ಕೆ ಬರುತ್ತದೆ. ಇಂಟರ್‌ಕೂಲರಿನ ಬಾರ್-ಅಂಡ್-ಪ್ಲೇಟ್ ಬಗೆಯ ಕೋರ್ ಭಾರ. ಒಂದು ಓಟದ ಕಾವನ್ನು ಮೈಯಲ್ಲಿ ಹೀರಿಕೊಂಡು ತಡೆಯುತ್ತದೆ, ಆದರೆ ಬಿಟ್ಟುಕೊಡಲು ಹೊತ್ತು ಬೇಕು. ಟ್ಯೂಬ್-ಅಂಡ್-ಫಿನ್ ಹಗುರ, ಬೇಗ ಕಾಯುತ್ತದೆ, ಗಾಳಿ ಸಿಕ್ಕರೆ ಬೇಗ ಆರುತ್ತದೆ. ನೀರಿನ ವ್ಯವಸ್ಥೆ ಇನ್ನೂ ಉದಾರ, ನೀರು ತೂಕಕ್ಕೆ ತೂಕ ಅಲ್ಯೂಮಿನಿಯಂಗಿಂತ ನಾಲ್ಕು ಪಟ್ಟಿಗೂ ಮಿಕ್ಕಿ ಕಾವು ಹಿಡಿಯುತ್ತದೆ. ಡ್ರ್ಯಾಗ್ ಓಟದವರು ಅದರ ಟ್ಯಾಂಕಿಗೆ ಐಸ್ ಸುರಿಯುವುದೂ ಉಂಟು. ಆ ನೀರು ಒಮ್ಮೆ ಕಾದರೆ ಆರಿಸುವುದೇ ದೊಡ್ಡ ಕೆಲಸ. ಹಾಗಾಗಿ ಡೈನೊ (ಎಂಜಿನ್ ಶಕ್ತಿ ಅಳೆಯುವ ಯಂತ್ರ) ಮೇಲೆ ಮೊದಲ ಓಟದಲ್ಲಿ ಸಿಕ್ಕ ಅಶ್ವಶಕ್ತಿಯನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬೆನ್ನುಬೆನ್ನಿಗೆ ಓಡಿಸಿದ ನಾಲ್ಕನೇ ಓಟದಲ್ಲಿ ಎಷ್ಟು ಉಳಿಯಿತು ಎಂದು ಕೇಳಬೇಕು.

ಈಚಿನ ಉಪಾಯಗಳು ಇನ್ನೂ ಧಾರಾಳ. ಬಿಎಂಡಬ್ಲ್ಯು ಎಂ4 ಜಿಟಿಎಸ್ ಎಂಜಿನ್ ಸೇದುವ ಗಾಳಿಗೆ ನೀರಿನ ತುಂತುರು ಬಿಟ್ಟಿತು; ಜೆಟ್‌ಫೈರ್‌ನ ಹಳೆಯ ಯೋಚನೆಗೆ ಮರುಹುಟ್ಟು. 2018ರ ಡಾಡ್ಜ್ ಡೀಮನ್ (ಅದು ಸೂಪರ್‌ಚಾರ್ಜರ್ ಕಾರು) ಎ.ಸಿ.ಯ ತಂಪನ್ನೇ ಇಂಟರ್‌ಕೂಲರ್ ನೀರಿಗೆ ತಿರುಗಿಸಿತು.

ನಮ್ಮಲ್ಲಿ ಇಂಟರ್‌ಕೂಲರ್ ಲಾರಿಗಳಿಗೆ ಹಳೆಯದು. ಟಾಟಾ 697 ಎಂಜಿನ್ನಿನ ಹೆಸರಲ್ಲಿರುವ ‘ಟಿಸಿಐಸಿ’ಯ ಕೊನೆಯೆರಡು ಅಕ್ಷರ ಅದೇ. ಪೆಟ್ರೋಲ್ ಟರ್ಬೊ ಸಣ್ಣ ಕಾರುಗಳಿಗೂ ಬಂದ ಮೇಲೆ ಹೀಟ್ ಸೋಕ್ ಬೆಂಗಳೂರಿನ ಮಾತಾಯಿತು. ಏಪ್ರಿಲ್ ಮಧ್ಯಾಹ್ನ ಪರಿಚಯದವರ ಕಾರಿನಲ್ಲಿ ಕೂತು ಒಬಿಡಿ ರೀಡರ್ (ಎಂಜಿನ್ನಿನ ಅಂಕಿ ತೋರಿಸುವ ಸಾಧನ) ನೋಡುತ್ತಿದ್ದೆ. ತುಮಕೂರು ರಸ್ತೆಯಲ್ಲಿ ಓಡುವಾಗ ಎಂಜಿನ್ ಸೇದುವ ಗಾಳಿ 43 ಡಿಗ್ರಿ. ಗೊರಗುಂಟೆಪಾಳ್ಯದ ಸಿಗ್ನಲ್‌ನಲ್ಲಿ ನಿಂತ ಸ್ವಲ್ಪ ಹೊತ್ತಿಗೆ 50, ಆಮೇಲೆ 58, 64. ಹಸಿರು ಬಿದ್ದು ಆಕ್ಸಿಲರೇಟರ್ ಒತ್ತಿದರೆ ಕಾರು ಒಂದು ಗಳಿಗೆ ಮಂಕಾಯಿತು. ನಾಕಿಂಗ್ ಆಗದಿರಲೆಂದು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇಗ್ನಿಷನ್ ಟೈಮಿಂಗನ್ನು ಹಿಂದಕ್ಕೆ ಎಳೆದಿತ್ತು. ಆ 64ರಲ್ಲಿ ಸೆನ್ಸರ್ ತಾನೇ ಕಾದು ಹೇಳಿದ್ದೂ ಸ್ವಲ್ಪ ಸೇರಿರುತ್ತದೆ. ಹರಿವು ಶುರುವಾದ ಮೇಲೆ ಅಂಕಿ ಎಷ್ಟು ಬೇಗ ಇಳಿಯಿತು ಎಂಬುದನ್ನೇ ನಾವು ಎಣಿಸಿದೆವು.

ಫೋಕ್ಸ್‌ವ್ಯಾಗನ್ನಿನ ಇಎ211 ಸರಣಿಯ ಹಲವು ಟರ್ಬೊ ಎಂಜಿನ್ನುಗಳಲ್ಲಿ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡ್ ಒಳಗೇ ಸೇರಿಹೋಗಿದೆ, ಅದರ ನೀರಿಗೆ ಬೇರೆ ಎಲೆಕ್ಟ್ರಿಕ್ ಪಂಪ್ ಇದೆ. ಆಗುಂಬೆ ಘಾಟಿ ಹತ್ತಿ, ಕಾರು ನಿಲ್ಲಿಸಿ, ಕೀ ತೆಗೆದ ಮೇಲೆ ಬಾನೆಟ್ ಹತ್ತಿರ ಕಿವಿಗೊಟ್ಟರೆ ಆ ಪಂಪಿನ ಸಣ್ಣ ಗುಂಯ್‌ಗುಡುವಿಕೆ ಇನ್ನೂ ಕೆಲ ಹೊತ್ತು ಕೇಳುತ್ತಿರುತ್ತದೆ.