ಹೈಡಿಯ ಅಜ್ಜ: ಕಾಠಿನ್ಯ ಕರಗಿದ ಬಗೆ

ಅನಾಥ ಮಗುವನ್ನು ಒಲ್ಲದ ಮನಸ್ಸಿನಿಂದ ಮನೆಗೆ ಸೇರಿಸಿಕೊಂಡು ಕ್ರಮೇಣ ಅದರ ಪ್ರೀತಿಗೆ ಮಣಿಯುವ ನಿಷ್ಠುರ ಪೋಷಕ, ಮಕ್ಕಳ ಸಾಹಿತ್ಯದಲ್ಲಿ ಮತ್ತೆ ಮತ್ತೆ ಎದುರಾಗುವ ಪಾತ್ರ. ಕೆನಡಾದ ಲೇಖಕಿ ಎಲ್. ಎಂ. ಮಾಂಟ್‌ಗೊಮರಿಯವರ ‘ಆ್ಯನ್ ಆಫ್ ಗ್ರೀನ್ ಗೇಬಲ್ಸ್’ (1908) ಕಾದಂಬರಿಯ ಮರಿಲಾ ಇಂಥವಳು. ಅವಳಿಗೂ ಹಿಂದಿನವನು, ಸ್ವಿಟ್ಜರ್ಲೆಂಡಿನ ಯೊಹಾನಾ ಸ್ಪೀರಿ (1827–1901) ಸೃಷ್ಟಿಸಿದ ಹೈಡಿಯ ಅಜ್ಜ. ವೈದ್ಯರೊಬ್ಬರ ಮಗಳಾಗಿದ್ದ ಸ್ಪೀರಿ ‘ಹೈಡಿ’ಯನ್ನು 1880 ಮತ್ತು 1881ರಲ್ಲಿ ಎರಡು ಭಾಗಗಳಾಗಿ ಪ್ರಕಟಿಸಿದರು.

ಅಜ್ಜನ ಕಾಠಿನ್ಯದ ಬೇರು ಶೋಕದಲ್ಲಿದೆ. ಮಗ ತೊಲೆ ಬಿದ್ದು ಸತ್ತ. ಸೊಸೆಯೂ ಬೇಗನೆ ತೀರಿಕೊಂಡಳು. ಅವನ ಹಿಂದಿನ ದುರ್ನಡತೆಗೆ ಇದು ದೇವರ ಶಿಕ್ಷೆಯೆಂದು ಊರವರು ಆಡಿಕೊಂಡರು. ಅವನು ಊರನ್ನೂ ಚರ್ಚನ್ನೂ ತೊರೆದು ಬೆಟ್ಟದ ಮೇಲೆ ಒಂಟಿಯಾದ. ಐದು ವರ್ಷದ ಮೊಮ್ಮಗಳನ್ನು ಅವಳ ಚಿಕ್ಕಮ್ಮ ಬಿಟ್ಟುಹೋದದ್ದು ಇಂಥವನ ಬಳಿ.

ಸ್ಪೀರಿ ಅವನನ್ನು ಒಮ್ಮೆಲೇ ಬದಲಿಸುವುದಿಲ್ಲ. ಮೊದಲ ದಿನವೇ ಅವನು ಮಗುವಿಗೊಂದು ಎತ್ತರದ ಸ್ಟೂಲು ಮಾಡಿಕೊಡುತ್ತಾನೆ. ಮೇಕೆ ಕಾಯುವ ಪೀಟರನ ಅಂಧ ಅಜ್ಜಿಯ ಗುಡಿಸಲನ್ನು ಸರಿಪಡಿಸೆಂದು ಹೈಡಿ ಬೇಡಿದಾಗ ಹೋಗಿ ಮೊಳೆ ಹೊಡೆಯುತ್ತಾನೆ. ಒಳಗೆ ಮಾತ್ರ ಕಾಲಿಡುವುದಿಲ್ಲ. ಅವಳನ್ನು ಶಾಲೆಗೆ ಕಳಿಸೆಂಬ ಪಾದ್ರಿಯ ಮಾತನ್ನು ತಳ್ಳಿಹಾಕುತ್ತಾನೆ. ಆಮೇಲೆ ಚಿಕ್ಕಮ್ಮ ಹೈಡಿಯನ್ನು ಫ್ರಾಂಕ್‌ಫರ್ಟಿಗೆ ಒಯ್ಯುತ್ತಾಳೆ. ಅಲ್ಲಿ ಮನೆಯ ಹಂಬಲದಿಂದ ಕೃಶಳಾಗಿ ನಿದ್ದೆಯಲ್ಲಿ ನಡೆದಾಡುವ ಮಗುವಿಗೆ ವೈದ್ಯರು ಔಷಧವನ್ನಲ್ಲ, ಅವಳ ಬೆಟ್ಟವನ್ನೇ ವಿಧಿಸುತ್ತಾರೆ. ಹಿಂದಿರುಗಿದ ಹೈಡಿ, ದಾರಿ ತಪ್ಪಿದ ಮಗನನ್ನು ತಂದೆ ಮರಳಿ ಅಪ್ಪಿಕೊಂಡ ಬೈಬಲ್ಲಿನ ಕತೆಯನ್ನು ಓದಿ ಹೇಳಿದ ಮರುದಿನ ಅಜ್ಜ ಚರ್ಚಿಗೆ ಇಳಿದು ಬರುತ್ತಾನೆ. ಮುಂದೆ ಅವಳ ಶಾಲೆಗಾಗಿ ಚಳಿಗಾಲದಲ್ಲಿ ಊರಲ್ಲೇ ನೆಲೆಸುತ್ತಾನೆ.

ಈ ಮಾರ್ಪಾಡಿಗೆ ಕಾರಣ ಉಪದೇಶವಲ್ಲ. ಅಪವಾದಗಳಿಗೆ ಕಿವಿಗೊಡದ ಮಗು ಅವನನ್ನು ನಂಬಿತು, ಅವನಿಂದ ಆಗುವುದನ್ನೇ ಕೇಳಿತು. ಮಾತಿನಲ್ಲಿ ಹೊರಬಾರದ ವಾತ್ಸಲ್ಯ ಕೈಗೆಲಸದಲ್ಲಿ ಹೊರಬಂತು.

ಷಿಕಾಗೊ, ಡೆಟ್ರಾಯಿಟ್ ಸುತ್ತಲಿನ ಕನ್ನಡ ಮನೆಗಳಿಗೆ ಇದು ದೂರದ ಸಂಗತಿಯಲ್ಲ. ಕೆಲವು ತಿಂಗಳಿಗೆಂದು ಊರಿನಿಂದ ಬರುವ ಅಜ್ಜಂದಿರ ಕನ್ನಡ ಎಷ್ಟೋ ಮೊಮ್ಮಕ್ಕಳಿಗೆ ಪೂರ್ತಿ ತಿಳಿಯದು. ಮೌನವನ್ನು ಮಕ್ಕಳು ಸಿಡುಕೆಂದು ಭಾವಿಸುವುದುಂಟು. ಅಜ್ಜನಿಗೆ ನಮಸ್ಕಾರ ಮಾಡೆಂದು ಕಲಿಸುವ ನಾವು, ಮುರಿದ ಆಟಿಕೆಯನ್ನು ಅವರ ಬಳಿ ಒಯ್ಯಲೂ ಕಲಿಸಬೇಕು.