ಟೊರಾಂಟೊ ನಗರದ ಕ್ರಯಪತ್ರ

ಕೆನಡಾ ದೇಶದ ನಗರಗಳಲ್ಲೆಲ್ಲ ದೊಡ್ಡದಾದ ಟೊರಾಂಟೊ ಒಂಟಾರಿಯೊ ಸರೋವರದ ಉತ್ತರ ತೀರದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಈ ನೆಲವು ಅನಿಶಿನಾಬೆ ಕುಲಕ್ಕೆ ಸೇರಿದ ಮಿಸಿಸಾಗ ಜನರ ಅಧೀನದಲ್ಲಿದ್ದಿತು. ಬ್ರಿಟಿಷರು ಇದನ್ನು ಯುದ್ಧದಿಂದ ಗೆದ್ದವರಲ್ಲ, ಕ್ರಯಕ್ಕೆ ಕೊಂಡವರು. ಆ ಕ್ರಯವು ಎಂತಹುದೆಂಬುದನ್ನು ಅವರ ಕಡತಗಳೇ ಸಾರುತ್ತವೆ.

ಮೂಲನಿವಾಸಿಗಳ ಭೂಮಿಯನ್ನು ಖಾಸಗಿ ಜನರು ಕೊಳ್ಳಕೂಡದು, ಆ ಜನರ ಬಹಿರಂಗ ಸಭೆಯಲ್ಲಿ ರಾಜನ ಹೆಸರಿನಲ್ಲಿಯೇ ಕೊಳ್ಳತಕ್ಕುದು ಎಂದು 1763ರ ರಾಜಘೋಷಣೆಯು ವಿಧಿಸಿದ್ದಿತು. ಅಮೆರಿಕದ ಸ್ವಾತಂತ್ರ್ಯಯುದ್ಧವು 1783ರಲ್ಲಿ ಮುಗಿಯಲು, ರಾಜಪಕ್ಷದವರಾಗಿ ವಲಸೆ ಬಂದವರಿಗೆ ನೆಲ ಬೇಕಾಯಿತು. 1787ರ ಸೆಪ್ಟೆಂಬರ್ 23ರಂದು ಸರ್ ಜಾನ್ ಜಾನ್ಸನ್ ಎಂಬ ಅಧಿಕಾರಿಯು ಕ್ವಿಂಟಿ ಕೊಲ್ಲಿಯ ಬಳಿ ಮಿಸಿಸಾಗರ ನಾಯಕರನ್ನು ಸಂಧಿಸಿದನು. ಅವರಿಗೆ ಕೊಟ್ಟುದು ಸುಮಾರು 1,700 ಪೌಂಡುಗಳ ಬೆಲೆಯ ಸರಕು: ಬಂದೂಕಿನ ಚಕಮಕಿ ಕಲ್ಲು 2,000, ಹಿತ್ತಾಳೆಯ ಪಾತ್ರೆ 24, ಕನ್ನಡಿ 120, ರಮ್ಮು 96 ಗ್ಯಾಲನ್, ಇತ್ಯಾದಿ. ನೆಲವನ್ನು ಹಂಚಿಕೊಂಡು ಬಾಳಲು ಒಪ್ಪಿದುದಕ್ಕೆ ಸಂದ ಉಡುಗೊರೆಯೆಂದು ಮಿಸಿಸಾಗರು ತಿಳಿದರು. ಸಂಪೂರ್ಣ ಮಾರಾಟವೆಂದು ಸರ್ಕಾರವು ಬಗೆಯಿತು.

1793ರಲ್ಲಿ ಗವರ್ನರ್ ಸಿಮ್ಕೊ ಅಲ್ಲಿ ಯಾರ್ಕ್ ಎಂಬ ಪಟ್ಟಣವನ್ನು ಸ್ಥಾಪಿಸಿದನು. ಮರುವರ್ಷವೇ ಅವನ ಮೇಲಧಿಕಾರಿಯಾದ ಲಾರ್ಡ್ ಡಾರ್ಚೆಸ್ಟರನಿಂದ ಪತ್ರವೊಂದು ಬಂದಿತು. ಕ್ರಯಪತ್ರವು ದೊರೆತಿತ್ತು, ಆದರೆ ಅದು ಬರಿಯ ಹಾಳೆ! ಚತುಸ್ಸೀಮೆಯ ವಿವರವಿಲ್ಲ, ಮೂವರು ನಾಯಕರ ಅಂಕಿತಗಳು ಬೇರೆ ಚೀಟಿಗಳಲ್ಲಿದ್ದು ಆ ಹಾಳೆಗೆ ಲಗತ್ತಾಗಿದ್ದುವು. ಇಂತಹ ಪತ್ರಕ್ಕೆ ಸಿಂಧುತ್ವವಿಲ್ಲವೆಂದು ಡಾರ್ಚೆಸ್ಟರನೇ ತಿಳಿಸಿದನು. ಆದರೂ ಈ ಸಂಗತಿಯನ್ನು ಭೂಮಿಯ ಒಡೆಯರಿಗೆ ತಿಳುಹಿಸಿದವರಿಲ್ಲ. ಮನೆಗಳು ಮಾತ್ರ ಏಳುತ್ತಲೇ ಇದ್ದುವು.

1805ರಲ್ಲಿ ಸರ್ಕಾರವು ಹೊಸ ಒಪ್ಪಂದವನ್ನು ಮಾಡಿಸಿತು. ಹಿಂದೆ ಅಂಕಿತ ಹಾಕಿದ ನಾಯಕರು ಅಷ್ಟರಲ್ಲಿ ತೀರಿಹೋಗಿದ್ದರು. ತಮ್ಮ ಹಿರಿಯರು ಮಾಡಿದುದನ್ನು ಮುಂದಿಟ್ಟ ನಕ್ಷೆಯಿಂದಲೂ, ತಮ್ಮ ನೆನಪಿನಿಂದಲೂ, ಕೇಳಿದ ಮಾತಿನಿಂದಲೂ ಅಲ್ಲದೆ ಬೇರೆ ವಿಧದಿಂದ ಅರಿಯೆವೆಂದು ನಾಯಕನಾದ ಕ್ವಿನಿಪೆನೊ ಹೇಳಿದನು. ಹಳೆಯ ಪತ್ರವು ಅಸಿಂಧುವೆಂಬ ಮಾತನ್ನು ಅಧಿಕಾರಿಗಳು ಆಗಲೂ ಬಾಯಿಬಿಟ್ಟು ಆಡಲಿಲ್ಲ. ಆಗಸ್ಟ್ 1ರಂದು ಸರೋವರದ ದಡದುದ್ದಕ್ಕೆ 14 ಮೈಲಿ, ಒಳನಾಡಿಗೆ 28 ಮೈಲಿ, ಒಟ್ಟು 2,50,880 ಎಕರೆ ಭೂಮಿಯು ಕೇವಲ 10 ಷಿಲಿಂಗುಗಳ ನಾಮಮಾತ್ರ ಹಣಕ್ಕೆ ರಾಜನದಾಯಿತು.

1834ರಲ್ಲಿ ಯಾರ್ಕ್ ಟೊರಾಂಟೊ ನಗರವೆನಿಸಿತು. ಕ್ರೆಡಿಟ್ ನದಿಯ ದಡದಲ್ಲಿ ಉಳಿದಿದ್ದ ಮಿಸಿಸಾಗರು 1847ರಲ್ಲಿ ಅಲ್ಲಿಂದಲೂ ಹೊರಟು, ಆರು ರಾಷ್ಟ್ರಗಳೆಂಬ ಇನ್ನೊಂದು ಮೂಲಜನಾಂಗದ ಕೂಟವು ನೀಡಿದ ನೆಲದಲ್ಲಿ ನೆಲೆಸಿದರು. ಅವರ ವಂಶಸ್ಥರು 1986ರಲ್ಲಿ ಸರ್ಕಾರದ ಮುಂದೆ ಹಕ್ಕುಹೂಡಿದರು. 2010ರಲ್ಲಿ 14 ಕೋಟಿ 50 ಲಕ್ಷ ಡಾಲರುಗಳ ಪರಿಹಾರವು ದೊರೆಯಿತು. ನೆಲವು ಮರಳಲಿಲ್ಲ.

ಪತ್ರದ ದೋಷವನ್ನು ಬರೆಹದಿಂದ ತಿದ್ದಬಹುದು. ಬಲ್ಲವರ ಮೌನವನ್ನು ತಿದ್ದಲು ಎರಡು ಶತಮಾನಗಳು ಬೇಕಾದುವು. ಮಾರಿದವನಿಗೆ ತಾನು ಮಾರಿದುದೇನೆಂಬುದು ತಿಳಿದಿದ್ದರಲ್ಲವೇ ಕ್ರಯವು ಕ್ರಯವೆನಿಸುವುದು?