ಗಂಟು ಮತ್ತು ಗಂಟಿನೊಡೆಯ

ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಮನೆಗಳಲ್ಲಿ ಮಗನೋ ಮಗಳೋ ಪರದೇಶಕ್ಕೆ ಹೊರಟರೆಂದರೆ ಮೊದಲು ಹೊರಬರುವುದು ತಕ್ಕಡಿ. ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ನಡುವೆ ಒಂದು ರೇಷ್ಮೆ ಸೀರೆ. ಎಲ್ಲವೂ ಪೆಟ್ಟಿಗೆ ಸೇರಿದ ಮೇಲೆ ತೂಕ ಮೀರಿತೆಂದು ಒಂದೊಂದನ್ನೇ ಹೊರತೆಗೆಯುವುದು ತಾಯಂದಿರಿಗೆ ಕಷ್ಟದ ಕೆಲಸವೇ ಸರಿ. ರೈಲಿನಲ್ಲಾದರೆ ಟ್ರಂಕು, ಹಾಸಿಗೆಯ ಸುರುಳಿ, ನೀರಿನ ಕೂಜ ಎಲ್ಲವೂ ಕಣ್ಣೆದುರಿಗೇ ಇರುತ್ತವೆ. ವಿಮಾನದಲ್ಲಿ ಗಂಟನ್ನು ಅನ್ಯರ ಕೈಗೊಪ್ಪಿಸಿ, ಒಂದು ಚೀಟಿಯನ್ನು ನಂಬಿ ಕುಳಿತುಕೊಳ್ಳಬೇಕು. ಆ ಚೀಟಿಗೂ ಒಂದು ಇತಿಹಾಸ ಉಂಟು.

ಕನ್ನಡ ನಾಡಿಗೆ ವಿಮಾನ ಹೊತ್ತು ತಂದ ಮೊದಮೊದಲ ಗಂಟುಗಳಲ್ಲಿ ಟಪಾಲಿನ ಚೀಲವೂ ಒಂದು. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಮುಂಬಯಿಗೆ ತಂದ ಟಪಾಲನ್ನು ನೆವಿಲ್ ವಿನ್ಸೆಂಟ್ ಅವರು ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಮುಟ್ಟಿಸಿದರು. ಅಂದಿನ ಪುಟ್ಟ ವಿಮಾನದಲ್ಲಿ ಟಪಾಲಿಗೇ ಅಗ್ರಸ್ಥಾನ. ಮನುಷ್ಯನಿಗೆ ಸ್ಥಳ ಅಪರೂಪ.

1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಯುದ್ಧ ಮುಗಿದ ಮೇಲೆ ಸೈನ್ಯದಲ್ಲಿ ಉಳಿದ ಡಕೋಟಾ ವಿಮಾನಗಳನ್ನು ಪ್ರಯಾಣಿಕರಿಗೆ ಒಪ್ಪುವಂತೆ ಅಲ್ಲಿ ಮಾರ್ಪಡಿಸಿದರು. 1953ರಲ್ಲಿ ದೇಶದ ವಿಮಾನ ಕಂಪೆನಿಗಳು ರಾಷ್ಟ್ರೀಕರಣಗೊಂಡಾಗ ಇಂಡಿಯನ್ ಏರ್‌ಲೈನ್ಸಿನ ಪಾಲಿಗೆ ಬಂದ ಬಹುಪಾಲು ವಿಮಾನಗಳು ಡಕೋಟಾಗಳೇ. ಇಪ್ಪತ್ತು ಮೂವತ್ತು ಜನರನ್ನು ಕೂರಿಸುವ ಆ ವಿಮಾನದಲ್ಲಿ ಸಾಮಾನಿಡಲು ಚಾಲಕನ ಹಿಂದೆ ಒಂದು ಜಾಗ, ಬಾಲದ ಕಡೆ ಒಂದು ಜಾಗ. ಭಾರ ಹಿಂದೆ ಮುಂದೆ ಸಮನಾಗಿ ಹಂಚಿಹೋಗದಿದ್ದರೆ ವಿಮಾನ ಹತೋಟಿ ತಪ್ಪೀತು. ಆದ್ದರಿಂದ ವಿಮಾನಯಾನದ ಆ ದಿನಗಳಲ್ಲಿ ಪೆಟ್ಟಿಗೆಯ ಜತೆಗೆ ಪ್ರಯಾಣಿಕನನ್ನೂ ತೂಗುತ್ತಿದ್ದುದುಂಟು. ಸಾಮಾನ್ಯ ದರ್ಜೆಯವರಿಗೆ ಬಹುಕಾಲ ಬಿಟ್ಟಿದ್ದ 44 ಪೌಂಡು, ಅಂದರೆ 20 ಕಿಲೋ, ಜಿಪುಣತನದ ಲೆಕ್ಕವಲ್ಲ. ಗಂಟಿನ ವಿಷಯದಲ್ಲಿ ವಿಮಾನ ಕೇಳಿದ ಮೊದಲ ಪ್ರಶ್ನೆಯೇ ‘ತೂಕವೆಷ್ಟು?’ ಎಂಬುದು.

ಎರಡನೆಯ ಪ್ರಶ್ನೆ, ‘ಕಳೆದುಹೋದರೆ ಬೆಲೆಯೆಷ್ಟು?’ 1929ರಲ್ಲಿ ವಾರ್ಸಾ ನಗರದಲ್ಲಿ ರಾಷ್ಟ್ರಗಳು ಒಂದು ಒಪ್ಪಂದ ಮಾಡಿಕೊಂಡವು. 1934ರಲ್ಲಿ ಅದು ಭಾರತದಲ್ಲೂ ಕಾನೂನಾಯಿತು. ಒಪ್ಪಿಸಿದ ಪ್ರತಿ ಗಂಟಿಗೂ ಚೀಟಿ ಕೊಡಬೇಕೆಂದದ್ದು ಅದೇ. ಪರಿಹಾರಕ್ಕೆ ಅದು ಹಾಕಿದ ಮಿತಿ ಕಿಲೋ ಒಂದಕ್ಕೆ 250 ಚಿನ್ನದ ಫ್ರಾಂಕು. ಮುಂಚಿತವಾಗಿ ಬೆಲೆ ಹೇಳಿ ಹೆಚ್ಚಿನ ಹಣ ಕಟ್ಟದಿದ್ದರೆ ರೇಷ್ಮೆ ಸೀರೆಗೂ ಚಟ್ನಿಪುಡಿಗೂ ಒಂದೇ ಮಿತಿ! 1999ರ ಮಾಂಟ್ರಿಯಲ್ ಒಪ್ಪಂದ ಈ ತೂಕದ ಲೆಕ್ಕವನ್ನು ಬಿಟ್ಟು, ಪ್ರಯಾಣಿಕನೊಬ್ಬನಿಗೆ ಇಷ್ಟೆಂದು ಮಿತಿ ಗೊತ್ತುಮಾಡಿತು. ಭಾರತ ಅದನ್ನು ಸೇರಿದ್ದು 2009ರಲ್ಲಿ.

ಮೂರನೆಯ ಪ್ರಶ್ನೆಯನ್ನು ಲೋಕ ಕಲಿತದ್ದು ಕಣ್ಣೀರಿನಿಂದ. 1985ರ ಜೂನ್‌ನಲ್ಲಿ ಕೆನಡಾದ ವ್ಯಾಂಕೂವರಿನಲ್ಲಿ ಒಬ್ಬಾತ ತನ್ನ ಪೆಟ್ಟಿಗೆಯನ್ನು ಮುಂದಿನ ವಿಮಾನಕ್ಕೂ ಸೇರುವಂತೆ ಹಟ ಹಿಡಿದು ಒಪ್ಪಿಸಿದ. ತಾನು ಮಾತ್ರ ವಿಮಾನ ಹತ್ತಲಿಲ್ಲ. ಪೆಟ್ಟಿಗೆ ಟೊರಾಂಟೊದಲ್ಲಿ ಏರ್ ಇಂಡಿಯಾದ ‘ಕನಿಷ್ಕ’ ವಿಮಾನವನ್ನು ಸೇರಿತು. ಜೂನ್ 23ರಂದು ಐರ್ಲೆಂಡಿನ ಬಳಿ ಕಡಲ ಮೇಲೆ ಅದರೊಳಗಿನ ಬಾಂಬು ಸಿಡಿದು, ವಿಮಾನದಲ್ಲಿದ್ದ 329 ಜನರೂ ತೀರಿಕೊಂಡರು. ಅದೇ ದಿನ ಜಪಾನಿನ ನರಿಟಾ ನಿಲ್ದಾಣದಲ್ಲಿ ಏರ್ ಇಂಡಿಯಾದ ಇನ್ನೊಂದು ವಿಮಾನಕ್ಕೆ ಸೇರಬೇಕಾಗಿದ್ದ ಮತ್ತೊಂದು ಪೆಟ್ಟಿಗೆ ಸಿಡಿದು, ಸಾಮಾನು ಸಾಗಿಸುತ್ತಿದ್ದ ಇಬ್ಬರು ಕೆಲಸಗಾರರು ಮಡಿದರು. ‘ಈ ಗಂಟು ಯಾರದು, ಅವರು ವಿಮಾನದಲ್ಲಿ ಇದ್ದಾರೆಯೆ?’ ಎಂದು ವ್ಯಾಂಕೂವರಿನಲ್ಲಿ ಯಾರೂ ಕೇಳಿರಲಿಲ್ಲ.

ಆ ಮೇಲೆ ನಿಯಮಗಳು ಬಿಗಿಯಾದವು. ಆದರೂ 1988ರ ಡಿಸೆಂಬರಿನಲ್ಲಿ ಒಡೆಯನಿಲ್ಲದ ಪೆಟ್ಟಿಗೆಯೊಂದು ಸ್ಕಾಟ್ಲೆಂಡಿನ ಲಾಕರ್ಬಿಯಲ್ಲಿ 270 ಜನರನ್ನು ಬಲಿ ತೆಗೆದುಕೊಂಡಿತು. ನಿಯಮ ಬರೆಯುವುದು ಬೇರೆ, ನಡೆಸುವುದು ಬೇರೆ.

ನಮ್ಮ ದೇಶದ ನಿಲ್ದಾಣಗಳಲ್ಲಿ ವಿಮಾನದ ಪಕ್ಕದಲ್ಲೇ ಸಾಮಾನುಗಳನ್ನು ಸಾಲಾಗಿಟ್ಟು, ‘ಇದು ನನ್ನದು’ ಎಂದು ಪ್ರಯಾಣಿಕರು ಬೆರಳು ತೋರಿದ ಮೇಲೆಯೇ ಒಳಗೇರಿಸುತ್ತಿದ್ದ ಕಾಲವನ್ನು ಹಳಬರು ಬಲ್ಲರು. ಕೈಚೀಲದ ಚೀಟಿಗೆ ಮುದ್ರೆ ಒತ್ತುವ ಪದ್ಧತಿ ಬೆಂಗಳೂರಿನಲ್ಲಿ 2017ರವರೆಗೂ ಇತ್ತು. 2008ರ ಮೇ ತಿಂಗಳಲ್ಲಿ ಪ್ರಯಾಣಿಕರ ವಿಮಾನಗಳು ಎಚ್.ಎ.ಎಲ್. ನಿಲ್ದಾಣವನ್ನು ಬಿಟ್ಟು ದೇವನಹಳ್ಳಿಗೆ ಹೋದವು. ಬೆರಳು ತೋರುವ ಕೆಲಸವನ್ನು ಈಗ ಚೀಟಿಯ ಮೇಲಿನ ಕಪ್ಪು ಗೆರೆಗಳೂ ಹತ್ತು ಅಂಕಿಗಳೂ ಮಾಡುತ್ತವೆ; ಯಂತ್ರ ಅದನ್ನೋದಿ, ಗಂಟನ್ನು ಒಡೆಯನ ಹೆಸರಿಗೆ ಸೇರಿಸುತ್ತದೆ.

ಒಮ್ಮೊಮ್ಮೆ ವಿಮಾನ ಹೊರಡುವ ವೇಳೆ ಮೀರಿದರೂ ನಿಂತಿರುತ್ತದೆ. ಯಾರೋ ಒಬ್ಬರು ಬರಲಿಲ್ಲ, ಅವರ ಪೆಟ್ಟಿಗೆಯನ್ನು ಹುಡುಕಿ ಇಳಿಸುತ್ತಿದ್ದಾರೆ ಎನ್ನುತ್ತಾರೆ. ನಾವು ಗಡಿಯಾರ ನೋಡಿ ಗೊಣಗುತ್ತೇವೆ. 1985ರಲ್ಲಿ ವ್ಯಾಂಕೂವರಿನಲ್ಲಿ ಇಷ್ಟೇ ತಡಮಾಡಿದ್ದರೆ ಕನಿಷ್ಕದ 329 ಜನ ಮನೆ ಸೇರುತ್ತಿದ್ದರು.